ಕೊಲಾಬಾದ ಕನ್ನಡಿಗಳು: ವಿಲಿಯಂ ಆಡಮ್ಸನ ಸೌರಯಂತ್ರ

ಮುಂಬಯಿ ನಗರದ ದಕ್ಷಿಣದ ತುದಿಯಲ್ಲಿ, ಸಮುದ್ರದೊಳಕ್ಕೆ ಬೆರಳು ಚಾಚಿದಂತಿರುವ ಕೊಲಾಬಾ, ೧೮೩೮ರಲ್ಲಿ ಸೇತುಮಾರ್ಗವು ಸಿದ್ಧವಾಗುವವರೆಗೆ ಪ್ರತ್ಯೇಕ ದ್ವೀಪವೇ ಆಗಿದ್ದಿತು. ಆ ಬಳಿಕ ಅಲ್ಲಿ ಸೈನ್ಯದ ದಂಡುಮನೆಗಳು, ಹತ್ತಿಯ ಪೇಟೆ, ಆಂಗ್ಲ ಅಧಿಕಾರಿಗಳ ಬಂಗಲೆಗಳು ಒಂದರ ಹಿಂದೊಂದು ತಲೆಯೆತ್ತಿದವು. ಅಂಥ ಒಂದು ಬಂಗಲೆಯ ಅಂಗಳದಲ್ಲಿ ೧೮೭೮ರ ಸುಮಾರಿಗೆ ಹದಿನೈದು ದಿನಗಳ ಕಾಲ ಒಂದು ಉಗಿಯಂತ್ರವು ಕಲ್ಲಿದ್ದಲೂ ಇಲ್ಲದೆ, ಕಟ್ಟಿಗೆಯೂ ಇಲ್ಲದೆ, ಬರಿಯ ಬಿಸಿಲಿನಿಂದ ನಡೆಯಿತೆಂಬುದು ಇಂದು ಆ ಬೀದಿಗಳಲ್ಲಿ ತಿರುಗಾಡುವವರಿಗೆ ತಿಳಿದಿರುವುದು ಅಪರೂಪ. ಅದನ್ನು ನಡೆಯಿಸಿದವನು ಇಂಜಿನಿಯರನೂ ಅಲ್ಲ, ಪ್ರಾಧ್ಯಾಪಕನೂ ಅಲ್ಲ. ಮುಂಬಯಿ ಹೈಕೋರ್ಟಿನಲ್ಲಿ ಡೆಪ್ಯುಟಿ ರಿಜಿಸ್ಟ್ರಾರನಾಗಿದ್ದ ವಿಲಿಯಂ ಆಡಮ್ಸ್ ಎಂಬವನು. ಹಗಲೆಲ್ಲ ದಾವೆ, ಅರ್ಜಿ, ಮೊಹರುಗಳ ನಡುವೆ ಕಳೆಯುವ ಕಾರಕೂನಿಕೆಯ ಕೆಲಸ ಅವನದು. ಉಳಿದ ವೇಳೆಯಲ್ಲಿ ಅವನು ಸಾಮಾನ್ಯ ಕನ್ನಡಿಗಳನ್ನು ಕೂಡಿಹಾಕಿ ಸೂರ್ಯನನ್ನು ಪಾತ್ರೆಯ ಮೇಲೆ ಬೀಳಿಸುವುದರಲ್ಲಿ ತೊಡಗಿದ್ದನು.

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸುವುದು ಅಗತ್ಯ. ಸೌರಶಕ್ತಿಯನ್ನು ಕುರಿತ ಜನಪ್ರಿಯ ಬರಹಗಳಲ್ಲಿ ಇಬ್ಬರು ಆಡಮ್ಸರು ಒಬ್ಬನೇ ಆಗಿಹೋಗಿದ್ದಾರೆ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಪ್ರಾಧ್ಯಾಪಕನಾಗಿದ್ದ ವಿಲಿಯಂ ಗ್ರಿಲ್ಸ್ ಆಡಮ್ಸನು ತನ್ನ ಶಿಷ್ಯ ರಿಚರ್ಡ್ ಡೇ ಎಂಬವನೊಡನೆ ೧೮೭೬ರಲ್ಲಿ, ಸೆಲೆನಿಯಂ ಎಂಬ ಧಾತುವಿನ ಮೇಲೆ ಬೆಳಕು ಬಿದ್ದಾಗ ಅದರಲ್ಲಿ ವಿದ್ಯುತ್ತು ಹುಟ್ಟುವುದನ್ನು ಕಂಡುಹಿಡಿದನು. ನೆಪ್ಚೂನ್ ಗ್ರಹದ ಸ್ಥಾನವನ್ನು ಗಣಿತದಿಂದ ಹೇಳಿದ ಜಾನ್ ಕೌಚ್ ಆಡಮ್ಸನಿಗೆ ಇವನು ತಮ್ಮ. ಹೆಸರೊಂದೇ, ಕಾಲವೊಂದೇ, ವಿಷಯವೂ ಸೂರ್ಯಪ್ರಕಾಶವೇ ಆದುದರಿಂದ ಬರೆದವರು ಮೋಸಹೋದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಈ ತಪ್ಪಿನ ಫಲವಾಗಿ ಮುಂಬಯಿಯ ಗುಮಾಸ್ತನ ಕೀರ್ತಿ ಲಂಡನ್ನಿನ ಪಂಡಿತನ ಖಾತೆಗೆ ಜಮೆಯಾಗಿದೆ. ಖಾತೆಯನ್ನು ಸರಿಪಡಿಸುವುದು ಇತಿಹಾಸದ ಮೊದಲ ಕರ್ತವ್ಯ.

ಕನ್ನಡಿಯಿಂದ ಬೆಂಕಿ ಹುಟ್ಟಿಸುವ ಕಲ್ಪನೆ ಹೊಸದೇನಲ್ಲ. ಮುಟ್ಟಿದರೆ ತಣ್ಣಗಿದ್ದು, ಸೂರ್ಯನ ತೇಜಸ್ಸು ತಾಕಿದೊಡನೆ ಕಿಡಿಯುಗುಳುವ ಸೂರ್ಯಕಾಂತ ಶಿಲೆಯು ನಮ್ಮ ಕವಿಗಳಿಗೆ ಚಿರಪರಿಚಿತ. ಕಾಳಿದಾಸನು ಶಾಕುಂತಲದ ಎರಡನೆಯ ಅಂಕದಲ್ಲಿ ತಪಸ್ವಿಗಳನ್ನು ಅದಕ್ಕೆ ಹೋಲಿಸಿದ್ದಾನೆ. ಹಳ್ಳಿಯ ಹುಡುಗರು ಭೂತಗನ್ನಡಿ ಹಿಡಿದು ಒಣಗಿದ ಎಲೆ ಸುಡುವುದೂ ಅದೇ ವಿದ್ಯೆಯ ಮನೆಮದ್ದಿನ ರೂಪ. ಗ್ರೀಕರಲ್ಲಿ ಆರ್ಕಿಮಿಡೀಸನು ಸಿರಾಕ್ಯೂಸ್ ಪಟ್ಟಣದ ಮುತ್ತಿಗೆಯಲ್ಲಿ ರೋಮನರ ಹಡಗುಗಳನ್ನು ಕನ್ನಡಿಗಳಿಂದ ಸುಟ್ಟನೆಂಬ ಕಥೆ ಪ್ರಸಿದ್ಧವಾಗಿದೆ. ಆದರೆ ಆ ಮುತ್ತಿಗೆಯನ್ನು ವರ್ಣಿಸಿದ ಪೊಲಿಬಿಯಸ್, ಲಿವಿ, ಪ್ಲೂಟಾರ್ಕ್ ಈ ಮೂವರೂ ಕನ್ನಡಿಯ ಮಾತನ್ನೇ ಎತ್ತಿಲ್ಲ. ಕಥೆಯನ್ನು ನಂಬುವುದು ಕಷ್ಟ. ಅದರಲ್ಲಿಯ ಉಪಾಯವನ್ನು ತಳ್ಳಿಹಾಕುವುದು ಇನ್ನೂ ಕಷ್ಟ. ಏಕೆಂದರೆ ೧೭೪೭ರಲ್ಲಿ ಪ್ಯಾರಿಸಿನ ರಾಜೋದ್ಯಾನದಲ್ಲಿ ಬ್ಯೂಫೋನನು ೧೬೮ ಚಪ್ಪಟೆ ಕನ್ನಡಿಗಳ ಒಂದು ಚೌಕಟ್ಟನ್ನು ಕಟ್ಟಿ, ಒಂದೊಂದನ್ನೂ ಬೇರೆಬೇರೆಯಾಗಿ ವಾಲಿಸಿ, ನೂರೈವತ್ತು ಅಡಿ ದೂರದ ಟಾರು ಬಳಿದ ಹಲಗೆಗೆ ಉರಿ ಹೊತ್ತಿಸಿ ತೋರಿಸಿದನು. ಕೊಲಾಬಾದ ಯಂತ್ರಕ್ಕೆ ನಿಜವಾದ ಪಿತಾಮಹನೆಂದರೆ ಈ ಚೌಕಟ್ಟೇ.

ಬೆಂಕಿ ಹೊತ್ತಿಸುವುದು ಬೇರೆ, ಕೆಲಸ ಮಾಡಿಸುವುದು ಬೇರೆ. ಈ ಎರಡನೆಯ ದಾರಿಯನ್ನು ತುಳಿದವನು ಫ್ರಾನ್ಸಿನ ಗಣಿತದ ಉಪಾಧ್ಯಾಯ ಆಗಸ್ಟಿನ್ ಮೂಶೋ. ಜಿನೀವಾದ ಸೋಸ್ಯೂರನು ೧೭೬೭ರಲ್ಲಿ ಗಾಜಿನ ಪೆಟ್ಟಿಗೆಗಳನ್ನು ಒಂದರೊಳಗೊಂದಿಟ್ಟು ಬಿಸಿಲಿನ ಕಾವನ್ನು ಸೆರೆಹಿಡಿದಿದ್ದನು. ಆ ಗಾಜಿನ ಹೊದಿಕೆಯನ್ನೂ ಹೊಳೆಯುವ ಕನ್ನಡಿಯನ್ನೂ ಮೂಶೋ ಒಂದುಗೂಡಿಸಿದನು. ಅವನ ಯಂತ್ರವೆಂದರೆ ಬಾಯಿ ಮೇಲಾದ ಒಂದು ದೊಡ್ಡ ಶಂಕು. ಒಳಮೈಗೆ ಬೆಳ್ಳಿಯ ಲೇಪ. ನಡುವೆ ಗಾಜು ಮುಚ್ಚಿದ ಕಪ್ಪು ಬಣ್ಣದ ಬಾಯ್ಲರು. ೧೮೬೯ರಲ್ಲಿ ಅವನ ಗ್ರಂಥವು ಹೊರಬಂದಿತು. ಕೆಲವೇ ವರ್ಷಗಳಲ್ಲಿ ತೂರ್ ಪಟ್ಟಣದಲ್ಲಿ ಅವನು ಎರಡೂವರೆ ಮೀಟರಿಗೂ ಮಿಕ್ಕ ಅಗಲದ ಶಂಕುವಿನಿಂದ ಉಗಿಯಂತ್ರವನ್ನು ಓಡಿಸಿದನು. ಆ ವೃತ್ತಾಂತವನ್ನು ಓದಿ ಕುತೂಹಲಗೊಂಡವರಲ್ಲಿ ಆಡಮ್ಸನೂ ಒಬ್ಬ.

ಮುಂಬಯಿಯಲ್ಲಿ ಕುಳಿತವನಿಗೆ ಈ ಕುತೂಹಲವು ಕೇವಲ ವಿನೋದವಾಗಿರಲಿಲ್ಲ. ನಗರದ ಮೊದಲ ಹತ್ತಿಯ ಗಿರಣಿ ೧೮೫೪ರಲ್ಲಿ ಸ್ಥಾಪಿತವಾಗಿ, ಎಪ್ಪತ್ತರ ದಶಕದ ಹೊತ್ತಿಗೆ ಧೂಮಸ್ತಂಭಗಳ ಸಾಲೇ ಎದ್ದಿದ್ದಿತು. ಹತ್ತಿ ಹತ್ತಿರದಲ್ಲಿಯೇ ಬೆಳೆಯುತ್ತಿತ್ತು, ಕೂಲಿಯವರು ಕೊಂಕಣ, ಘಟ್ಟಗಳಿಂದ ಬರುತ್ತಿದ್ದರು, ಇಲ್ಲದಿದ್ದುದು ಉರುವಲು. ಬಂಗಾಲದ ರಾಣಿಗಂಜಿನ ಕಲ್ಲಿದ್ದಲು ಇಡೀ ದೇಶವನ್ನು ಅಡ್ಡಹಾಯ್ದು ರೈಲಿನಲ್ಲಿ ಬರಬೇಕಾದುದರಿಂದ, ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುವ ಇದ್ದಲೇ ಗಿರಣಿಗಳಿಗೆ ಮುಖ್ಯ ಆಧಾರವಾಗಿತ್ತು. ಅತ್ತ ಇಂಗ್ಲೆಂಡಿನಲ್ಲಿಯೇ ಜೆವನ್ಸನು ೧೮೬೫ರಲ್ಲಿ ಕಲ್ಲಿದ್ದಲಿನ ಪ್ರಶ್ನೆಯನ್ನು ಕುರಿತು ಗ್ರಂಥ ಬರೆದು, ಈ ಸಂಪತ್ತು ಅಕ್ಷಯವಲ್ಲವೆಂದು ಎಚ್ಚರಿಸಿದ್ದನು. ಹಾಗಿರಲು, ವರ್ಷದ ಎಂಟು ತಿಂಗಳು ಮೋಡ ಕಾಣದ ಆಕಾಶದ ಕೆಳಗೆ ನಿಂತ ಮನುಷ್ಯನು ಮೇಲೆ ನೋಡಿದುದು ಸಹಜವೇ ಸರಿ. ಆಡಮ್ಸನು ತನ್ನ ಪುಸ್ತಕಕ್ಕೆ ಕೊಟ್ಟ ಹೆಸರಿನಲ್ಲಿಯೇ ಆ ಉದ್ದೇಶವಿದೆ: ಉಷ್ಣದೇಶಗಳಲ್ಲಿ ಉರುವಲಿಗೆ ಬದಲಾಗಿ ಸೂರ್ಯನ ಶಾಖ. ಅದು ೧೮೭೮ರಲ್ಲಿ ಮುಂಬಯಿಯಲ್ಲಿಯೇ ಅಚ್ಚಾಯಿತು. ಈ ವಿಷಯದ ಮೇಲಣ ಅವನ ಪ್ರಬಂಧಕ್ಕೆ ಸಾಸೂನ್ ಸಂಸ್ಥೆಯ ಚಿನ್ನದ ಪದಕವೂ ದೊರೆಯಿತು. ಕಾಳಾ ಘೋಡಾದಲ್ಲಿ ಇಂದೂ ವಾಚನಾಲಯವಾಗಿ ನಿಂತಿರುವ ಡೇವಿಡ್ ಸಾಸೂನ್ ಕಟ್ಟಡವನ್ನು ಬಲ್ಲವರಿಗೆ ಆ ಸಂಸ್ಥೆಯ ಪರಿಚಯ ಹೇಳಬೇಕಾದುದಿಲ್ಲ.

ಆಡಮ್ಸನು ಮೂಶೋನನ್ನು ಕುರುಡಾಗಿ ಅನುಕರಿಸಲಿಲ್ಲ. ಅವನ ಯಂತ್ರದಲ್ಲಿ ದೋಷಗಳನ್ನು ಕಂಡನು. ಶಂಕುವಿನಾಕಾರದ ಪ್ರತಿಫಲಕವು ದೊಡ್ಡದಾದಷ್ಟೂ ಅದನ್ನು ಸೂರ್ಯನ ಕಡೆಗೆ ತಿರುಗಿಸುವುದು ಅಸಾಧ್ಯವಾಗುತ್ತದೆ; ಹೀಗಾಗಿ ಮೂಶೋನ ಅರ್ಧ ಅಶ್ವಶಕ್ತಿಯನ್ನು ಬಹಳವಾಗಿ ಮೀರಲು ಬರುವಂತಿಲ್ಲವೆಂದು ಅವನ ಅಭಿಪ್ರಾಯ. ಎರಡನೆಯದಾಗಿ ಖರ್ಚು. ಮೂರನೆಯದಾಗಿ ಲೋಹದ ಹೊಳಪು ಬೇಗನೆ ಮಾಸುವುದು. ಈ ಮೂರನೆಯದು ಮುಂಬಯಿಯಲ್ಲಿ ಸಣ್ಣ ಮಾತಲ್ಲ. ಉಪ್ಪುಗಾಳಿಯ ಊರಿನಲ್ಲಿ ತಾಮ್ರದ ಹಂಡೆಯನ್ನು ಹುಣಿಸೆಹಣ್ಣು ಹಾಕಿ ತಿಕ್ಕಿದ ಗೃಹಿಣಿಗೆ, ಅದು ಎಷ್ಟು ದಿನ ಹೊಳೆಯುವುದೆಂಬುದು ಗೊತ್ತು. ತೆರೆದ ಬೆಳ್ಳಿಯು ಗಾಳಿಯಲ್ಲಿಯ ಗಂಧಕದ ಅಂಶದಿಂದ ಕಪ್ಪಾಗುತ್ತದೆ. ಅದೇ ಬೆಳ್ಳಿಯನ್ನು ಗಾಜಿನ ಹಿಂಬದಿಗೆ ಲೇಪಿಸಿದರೆ ಗಾಜೇ ಅದಕ್ಕೆ ಕವಚವಾಗುತ್ತದೆ. ಮೇಲಣ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಜರ್ಮನಿಯ ಲೀಬಿಗನು ೧೮೩೫ರಲ್ಲಿ ಗಾಜಿಗೆ ಬೆಳ್ಳಿ ಹಿಡಿಸುವ ರಾಸಾಯನಿಕ ವಿಧಾನವನ್ನು ತೋರಿಸಿಕೊಟ್ಟ ಮೇಲೆ ಅಂಥ ಕನ್ನಡಿಗಳು ಅಗ್ಗವಾಗತೊಡಗಿದ್ದವು. ಆಡಮ್ಸನು ಆರಿಸಿಕೊಂಡದ್ದು ಇವನ್ನೇ: ಹದಿನೇಳು ಅಂಗುಲ ಉದ್ದ, ಹತ್ತು ಅಂಗುಲ ಅಗಲದ ಚಪ್ಪಟೆ ಕನ್ನಡಿಗಳು.

ಇವನ್ನು ಒಂದು ದೊಡ್ಡ ಚೌಕಟ್ಟಿನಲ್ಲಿ ಅರ್ಧವೃತ್ತಾಕಾರವಾಗಿ ಜೋಡಿಸಿ, ಪ್ರತಿಯೊಂದನ್ನೂ ಅದರದರ ಜಾಗಕ್ಕೆ ತಕ್ಕಂತೆ ಓರೆಮಾಡಿದರೆ, ಎಲ್ಲದರ ಬೆಳಕೂ ಒಂದೇ ಸ್ಥಳದಲ್ಲಿ ಬಂದು ಬೀಳುತ್ತದೆ. ಬಾಗಿದ ಕನ್ನಡಿಯನ್ನು ಎರಕ ಹೊಯ್ಯುವ ಕಷ್ಟವಿಲ್ಲ. ಒಂದು ಒಡೆದರೆ ಅದೊಂದನ್ನೇ ಬದಲಿಸಬಹುದು. ಚೌಕಟ್ಟು ಅರ್ಧವೃತ್ತದ ಹಳಿಯ ಮೇಲೆ ಉರುಳುತ್ತದೆ. ಬಾಯ್ಲರು ಮಾತ್ರ ನಡುವೆ ನಿಂತಲ್ಲಿಯೇ ನಿಂತಿರುತ್ತದೆ. ಆಡಮ್ಸನ ಬುದ್ಧಿಯ ಸಾರವೆಲ್ಲ ಈ ಒಂದು ವ್ಯವಸ್ಥೆಯಲ್ಲಿದೆ. ಮೂಶೋನ ಯಂತ್ರದಲ್ಲಿ ನೀರು ತುಂಬಿದ ಬಾಯ್ಲರು ಕನ್ನಡಿಯ ಸಂಗಡವೇ ಸೂರ್ಯನ ಹಿಂದೆ ತಿರುಗಬೇಕು. ಇಲ್ಲಿ ಭಾರವಾದದ್ದು ಸ್ಥಿರ, ಹಗುರಾದದ್ದು ಚರ. ಉಗಿಯ ಕೊಳವೆಗಳಿಗೆ ಬಾಗುವ ಕೀಲುಗಳೂ ಬೇಡ. ಒಬ್ಬ ಆಳು ದಿನಕ್ಕೆ ಮೂರು ನಾಲ್ಕು ಸಲ ಚೌಕಟ್ಟನ್ನು ತಳ್ಳಿದರೆ ಸಾಕೆಂದೂ, ಹೆಚ್ಚು ಸಲ ತಳ್ಳಿದರೆ ಇನ್ನೂ ಒಳ್ಳೆಯದೆಂದೂ ಅವನು ಬರೆದನು.

ಈ ಮೂರು ನಾಲ್ಕು ಸಲದ ಲೆಕ್ಕವು ಉತ್ಸಾಹದ ಲೆಕ್ಕವೆಂದೇ ಹೇಳಬೇಕು. ಸೂರ್ಯನು ಗಂಟೆಗೆ ಹದಿನೈದು ಡಿಗ್ರಿ ಸರಿಯುತ್ತಾನೆ. ಅಷ್ಟರಲ್ಲಿ ಬೆಳಕಿನ ತೇಪೆ ಬಾಯ್ಲರನ್ನು ಬಿಟ್ಟು ಬಹುದೂರ ಹೋಗಿರುತ್ತದೆ. ಮೇಲಾಗಿ ಮುಂಬಯಿಯ ಅಕ್ಷಾಂಶ ಹತ್ತೊಂಬತ್ತು ಡಿಗ್ರಿ. ಮೇ ತಿಂಗಳ ನಡುವೆ ಸೂರ್ಯನು ಮಧ್ಯಾಹ್ನ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಆಗ ನೆಲದ ಹಳಿಯ ಮೇಲೆ ಸುತ್ತುವುದರಿಂದ ಪ್ರಯೋಜನವಿಲ್ಲ, ಕನ್ನಡಿಗಳ ಓರೆಯನ್ನೇ ಬದಲಿಸಬೇಕು. ಈ ಕೆಲಸವೆಲ್ಲ ಯಾರ ಕೈಯಿಂದ ಆಗುವುದು? ಇಡೀ ಯೋಜನೆ ನಿಂತಿದ್ದುದು ಬಿಸಿಲಿನಲ್ಲಿ ದಿನವಿಡೀ ನಿಲ್ಲಲು ಅಗ್ಗವಾಗಿ ದೊರೆಯುವ ಒಬ್ಬ ಆಳಿನ ಮೇಲೆ. ಕೊಲಾಬಾದ ಅತಿಥಿಗಳ ಹುದ್ದೆಗಳೆಲ್ಲ ಗ್ರಂಥಸ್ಥವಾಗಿವೆ. ಕನ್ನಡಿ ತಳ್ಳುವವನು ಮಾತ್ರ ‘ಕೂಲಿಯಾಳು’ ಎಂಬ ಸಾಮಾನ್ಯ ನಾಮದಲ್ಲಿಯೇ ಉಳಿದುಕೊಂಡಿದ್ದಾನೆ.

ಪ್ರಯೋಗದ ಕ್ರಮವು ಮೆಚ್ಚತಕ್ಕದ್ದು. ಆಡಮ್ಸನು ಕನ್ನಡಿಗಳನ್ನು ಒಂದೊಂದಾಗಿ ಹೆಚ್ಚಿಸುತ್ತ, ಪ್ರತಿಯೊಮ್ಮೆಯೂ ಏರುವ ಉಷ್ಣತೆಯನ್ನು ಅಳೆಯುತ್ತ ಹೋಗಿ, ೭೨ ಕನ್ನಡಿಗಳಿಂದ ೧,೨೦೦ ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು ೬೫೦ ಡಿಗ್ರಿ ಸೆಲ್ಸಿಯಸ್, ಉಷ್ಣತೆ ಸಾಧ್ಯವೆಂದು ಗಣಿಸಿದನು. ನಾಭಿಯಲ್ಲಿ ಹಿಡಿದ ಕಟ್ಟಿಗೆಯ ತುಂಡು ಆ ಕ್ಷಣವೇ ಹೊತ್ತಿಕೊಂಡಿತಂತೆ. ಹವ್ಯಾಸಿಯ ಈ ಅಂಕಿಯನ್ನು ಇಂದಿನ ಭೌತಶಾಸ್ತ್ರದಿಂದ ಪರೀಕ್ಷಿಸಿ ನೋಡಬಹುದು. ವಸ್ತುವಿನ ಉಷ್ಣತೆಗೂ ಅದು ಹೊರಸೂಸುವ ಶಾಖಕ್ಕೂ ಇರುವ ಸಂಬಂಧದ ನಿಯಮವನ್ನು ವಿಯೆನ್ನಾದ ಸ್ಟೆಫಾನನು ಪ್ರಕಟಿಸಿದ್ದು ೧೮೭೯ರಲ್ಲಿ, ಎಂದರೆ ಆಡಮ್ಸನ ಪುಸ್ತಕ ಅಚ್ಚಾದ ಮರುವರ್ಷ. ೭೨ ಕನ್ನಡಿಗಳಲ್ಲಿ ಗಾಜು ಹೀರಿದ್ದು, ಓರೆಯಿಂದ ತಪ್ಪಿದ್ದು ಎಂದು ಕಾಲುಭಾಗಕ್ಕಿಂತ ತುಸು ಹೆಚ್ಚನ್ನು ಕಳೆದರೆ ಸುಮಾರು ಐವತ್ತು ಸೂರ್ಯರ ಬೆಳಕು ನಾಭಿಯಲ್ಲಿ ಉಳಿಯುತ್ತದೆ. ಸ್ಟೆಫಾನನ ನಿಯಮದಂತೆ ಐವತ್ತು ಸೂರ್ಯರು ಒಂದು ಕಪ್ಪು ಫಲಕವನ್ನು ಕಾಯಿಸುವುದು ಸುಮಾರು ೬೫೦ ಡಿಗ್ರಿ ಸೆಲ್ಸಿಯಸ್ಸಿಗೇ. ರಿಜಿಸ್ಟ್ರಾರನ ಲೆಕ್ಕ ಪಕ್ಕಾ ಇದ್ದಿತು.

ಆದರೆ ಆಮೇಲೆ ಬರೆದವರು ಇದಕ್ಕೆ ಒಂದು ತಪ್ಪರ್ಥವನ್ನು ಅಂಟಿಸಿದ್ದಾರೆ. ಉಗಿಯಂತ್ರ ನಡೆಯಲು ೧,೨೦೦ ಡಿಗ್ರಿ ಬೇಕು, ಆದುದರಿಂದ ೭೨ ಕನ್ನಡಿ ಸಾಕು ಎಂಬುದು ಅವರ ನಿರೂಪಣೆ. ಆ ಕಾಲದ ಸಾಮಾನ್ಯ ಬಾಯ್ಲರಿನಲ್ಲಿ ಉಗಿಯ ಉಷ್ಣತೆ ೧೫೦–೧೬೦ ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತಿತ್ತು. ೬೫೦ ಡಿಗ್ರಿಯಲ್ಲಿ ಯಾವ ಬಾಯ್ಲರೂ ಉಳಿಯುತ್ತಿರಲಿಲ್ಲ. ನಾಭಿಯ ಉಷ್ಣತೆ ಬೇರೆ, ದೊರೆಯುವ ಶಕ್ತಿ ಬೇರೆ. ಉಷ್ಣತೆಯು ಬೆಳಕು ಎಷ್ಟು ಒತ್ತಾಗಿ ಬಿದ್ದಿದೆ ಎಂಬುದನ್ನು ಅವಲಂಬಿಸಿದರೆ, ಶಕ್ತಿಯು ಒಟ್ಟು ಕನ್ನಡಿಯ ವಿಸ್ತಾರವನ್ನು ಅವಲಂಬಿಸುತ್ತದೆ. ೭೨ ಕನ್ನಡಿಗಳ ವಿಸ್ತಾರ ಸರಿಯಾಗಿ ೮೫ ಚದರಡಿ, ಎಂದರೆ ಎಂಟು ಚದರ ಮೀಟರಿಗೆ ತುಸು ಕಡಿಮೆ. ಅಷ್ಟರ ಮೇಲೆ ಬೀಳುವ ಬಿಸಿಲೆಲ್ಲ ಸೇರಿದರೂ ಏಳೆಂಟು ಕಿಲೊವಾಟ್. ಅಶ್ವಶಕ್ತಿಯಲ್ಲಿ ಹೇಳಿದರೆ ಸುಮಾರು ಹತ್ತು. ಅಂದಿನ ಸಣ್ಣ ಉಗಿಯಂತ್ರವು ಶಾಖದ ಇಪ್ಪತ್ತರಲ್ಲೊಂದು ಅಂಶವನ್ನು ಕೆಲಸವಾಗಿ ಮಾರ್ಪಡಿಸಿದರೆ ದೊಡ್ಡದು. ಆಗ ಕೈಗೆ ಬರುವುದು ಅರ್ಧ ಅಶ್ವಶಕ್ತಿ. ಬಂಗಲೆಯ ಅಂಗಳದಲ್ಲಿ ನಡೆದುದು ಎರಡೂವರೆ ಅಶ್ವಶಕ್ತಿಯ ಯಂತ್ರ. ಆದುದರಿಂದ ಬಾಯ್ಲರಿನ ಸುತ್ತ ಇಂಥ ಚೌಕಟ್ಟುಗಳು ಹಲವು ಇದ್ದಿರಬೇಕು, ಇಲ್ಲವೆ ಯಂತ್ರವು ತನ್ನ ಪೂರ್ಣ ಬಲಕ್ಕಿಂತ ಎಷ್ಟೋ ಕೆಳಗೆ ನಡೆದಿರಬೇಕು. ಹುಂಡಿಯ ಮುಖಬೆಲೆ ಬೇರೆ, ವಟಾವು ಕಳೆದು ಎಣಿಸಿಕೊಂಡ ಹಣ ಬೇರೆ. ಇದರಿಂದ ಆಡಮ್ಸನ ಸಾಧನೆಗೆ ಕುಂದಿಲ್ಲ. ಬಿಸಿಲಿನಿಂದ ಚಕ್ರ ತಿರುಗಿದ್ದು ನಿಜ.

ಯಂತ್ರವನ್ನು ನೋಡಲು ಆಡಮ್ಸನು ವೃತ್ತಪತ್ರಿಕೆಗಳಿಗೆ ಸುದ್ದಿ ಕೊಟ್ಟು ದೊಡ್ಡವರನ್ನೆಲ್ಲ ಆಮಂತ್ರಿಸಿದನು. ಸೈನ್ಯದ ದಂಡನಾಯಕ, ರಾಯಲ್ ಇಂಜಿನಿಯರ್ಸ್ ಪಡೆಯ ಕರ್ನಲ್, ಲೋಕೋಪಯೋಗಿ ಇಲಾಖೆಯ ಕಾರ್ಯದರ್ಶಿ, ನ್ಯಾಯಾಧೀಶರು, ಪ್ರಮುಖ ಗಿರಣಿಯ ಮಾಲಿಕರು ಬಂದರು, ನೋಡಿದರು, ಮೆಚ್ಚಿದರು. ಸ್ಥಳೀಯ ಇಂಜಿನಿಯರುಗಳು ಮಾತ್ರ ಅಳೆದು ನುಡಿದರು: ಕಲ್ಲಿದ್ದಲು ಕಟ್ಟಿಗೆಗಳೊಡನೆ ಇದು ನೇರವಾಗಿ ಸ್ಪರ್ಧಿಸಲಾರದು, ಅವುಗಳಿಗೆ ಸಹಾಯಕವಾಗಿ ಒದಗಬಹುದು.

ಇದಕ್ಕಿಂತ ಚಿಕ್ಕದಾದ, ಆದರೆ ಮನಸ್ಸಿಗೆ ಹತ್ತಿರವಾದ ಇನ್ನೊಂದು ಸಾಧನವನ್ನೂ ಆಡಮ್ಸನು ಮಾಡಿದನು. ಅದು ಅಡಿಗೆಯ ಒಲೆ. ಮರದ ಶಂಕುವಿನ ಒಳಮೈಗೆ ಎಂಟು ಮುಖವಾಗಿ ಸಾಮಾನ್ಯ ಕನ್ನಡಿ ಗಾಜು. ಬಾಯಿಯ ಅಗಲ ಎರಡಡಿ ನಾಲ್ಕಂಗುಲ. ನಡುವೆ ತಾಮ್ರದ ಪಾತ್ರೆ, ಅದರ ಮೇಲೆ ಗಾಜಿನ ಮುಚ್ಚಳ. ಬಡಗಿಯೊಬ್ಬ, ಕನ್ನಡಿ ಅಂಗಡಿಯವನೊಬ್ಬ ಇದ್ದರೆ ಯಾವ ಊರಿನಲ್ಲಿಯೂ ಆಗತಕ್ಕ ಕೆಲಸ. ಇದರ ವರ್ಣನೆ ೧೮೭೮ರ ಜೂನಿನಲ್ಲಿ ಅಮೆರಿಕೆಯ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಏಳು ಮಂದಿ ಸಿಪಾಯಿಗಳಿಗಾಗುವಷ್ಟು ಮಾಂಸವೂ ತರಕಾರಿಯೂ ಎರಡು ಗಂಟೆಗಳಲ್ಲಿ ಬೆಂದವು. ಅದೂ ಮುಂಬಯಿಯಲ್ಲಿ ಅತ್ಯಂತ ತಂಪಾದ ಜನವರಿ ತಿಂಗಳಲ್ಲಿ. ರುಚಿಯೂ ದಿನದ ಅಡಿಗೆಗಿಂತ ಮೇಲೆಂದು ಸಿಪಾಯಿಗಳು ಹೇಳಿದರಂತೆ. ಈ ಕೊನೆಯ ಸಾಕ್ಷ್ಯವನ್ನು ಸ್ವಲ್ಪ ಉಪ್ಪು ಬೆರೆಸಿಯೇ ಸ್ವೀಕರಿಸಬೇಕು; ದಂಡಿನ ಮನುಷ್ಯನು ಸಾಹೇಬನ ಎದುರಿಗೆ ಮತ್ತೇನು ಹೇಳಿಯಾನು!

ಅಷ್ಟಾದ ಮೇಲೆ ಏನಾಯಿತು? ಪ್ರದರ್ಶನವಾದ ಸ್ವಲ್ಪ ಕಾಲದಲ್ಲಿಯೇ ಪ್ರಯೋಗಗಳು ನಿಂತುಹೋದವು. ಮಾಲಿಕರು ದೂರದೃಷ್ಟಿಯಿಲ್ಲದವರೆಂದು ದೂರುವುದು ಸುಲಭ. ಆದರೆ ಅವರ ಲೆಕ್ಕದ ಪುಸ್ತಕವನ್ನು ತೆರೆದು ನೋಡಿದರೆ ಬೇರೆ ನ್ಯಾಯ ಕಾಣುತ್ತದೆ. ಬಿಸಿಲು ಪುಕ್ಕಟೆ, ಕನ್ನಡಿ ಪುಕ್ಕಟೆಯಲ್ಲ. ಕಲ್ಲಿದ್ದಲಿನ ಯಂತ್ರದಲ್ಲಿ ಮೊದಲು ಹೂಡುವ ಬಂಡವಾಳ ಕಡಿಮೆ, ದಿನದಿನದ ಖರ್ಚು ಹೆಚ್ಚು. ಆ ಖರ್ಚನ್ನು ನೂಲು ಮಾರಿದ ಹಣದಿಂದಲೇ ಸರಿದೂಗಿಸಬಹುದು. ಸೌರಯಂತ್ರದಲ್ಲಿ ಇಪ್ಪತ್ತು ವರ್ಷಗಳ ಉರುವಲಿನ ಬೆಲೆಯನ್ನು ಮೊದಲ ದಿನವೇ ಗಾಜಿನ ರೂಪದಲ್ಲಿ ಕೊಂಡಂತೆ. ಆ ಹಣದ ಬಡ್ಡಿಯು ಸೂರ್ಯ ಮುಳುಗಿದ ಮೇಲೂ ಬೆಳೆಯುತ್ತದೆ. ಜೂನಿನಿಂದ ಸಪ್ಟೆಂಬರಿನವರೆಗೆ ಮಳೆಯಲ್ಲಿ ಕನ್ನಡಿಗಳು ಸುಮ್ಮನೆ ನೆನೆಯುತ್ತಿರುವಾಗಲೂ ಬೆಳೆಯುತ್ತದೆ. ಆ ನಾಲ್ಕು ತಿಂಗಳಿಗಾಗಿ ಕಲ್ಲಿದ್ದಲಿನ ಬಾಯ್ಲರನ್ನು ಹೇಗೂ ಇಟ್ಟುಕೊಳ್ಳಬೇಕು. ಇಟ್ಟುಕೊಂಡ ಮೇಲೆ ಉಳಿದ ಎಂಟು ತಿಂಗಳು ಅದನ್ನು ಆರಿಸಿಡಲು ಯಾವ ಮಾಲಿಕ ಒಪ್ಪುತ್ತಾನೆ? ೧೮೬೯ರಲ್ಲಿ ತೆರೆದ ಸೂಯೆಜ್ ಕಾಲುವೆ ಇಂಗ್ಲೆಂಡನ್ನು ಮುಂಬಯಿಗೆ ಹತ್ತಿರ ಮಾಡಿದ್ದಿತು. ವಿಚಿತ್ರವೇನೆಂದರೆ, ಮುಂಬಯಿಯ ಗಿರಣಿಗಳ ಕಲ್ಲಿದ್ದಲಿಗೆ ನಿಜವಾದ ಬದಲಿ ದೊರೆತುದು ಆಡಮ್ಸನ ಶತ್ರುವಾಗಿದ್ದ ಆ ಮಳೆಯಿಂದಲೇ. ಸಹ್ಯಾದ್ರಿಯ ಮಳೆನೀರನ್ನು ಲೋಣಾವಳೆಯ ಸುತ್ತಣ ಸರೋವರಗಳಲ್ಲಿ ಕೂಡಿಟ್ಟು, ಖೋಪೋಲಿಯಲ್ಲಿ ಕೆಳಕ್ಕೆ ದುಮುಕಿಸಿ, ೧೯೧೫ರಲ್ಲಿ ತಾತಾ ಸಂಸ್ಥೆಯವರು ಗಿರಣಿಗಳಿಗೆ ವಿದ್ಯುತ್ತನ್ನು ತಂದರು.

ಫ್ರಾನ್ಸಿನಲ್ಲಿಯೂ ಕಥೆ ಬೇರೆಯಾಗಲಿಲ್ಲ. ಮೂಶೋ ೧೮೭೮ರ ಪ್ಯಾರಿಸ್ ಪ್ರದರ್ಶನದಲ್ಲಿ ಬಿಸಿಲಿನಿಂದ ಮಂಜುಗಡ್ಡೆಯನ್ನೇ ಮಾಡಿ ತೋರಿಸಿ ಪದಕ ಪಡೆದನು. ಅವನ ಸಹಾಯಕ ಪಿಫ್ರನು ೧೮೮೨ರಲ್ಲಿ ಸೌರಯಂತ್ರದಿಂದ ಪತ್ರಿಕೆಯನ್ನು ಮುದ್ರಿಸಿದನು. ಅಲ್ಲಿಯೂ ಅಗ್ಗದ ಕಲ್ಲಿದ್ದಲೇ ಗೆದ್ದಿತು.

ಆಡಮ್ಸನ ಉಪಾಯವು ಬಹುಕಾಲದ ಮೇಲೆ ಬೇರೆಯವರ ಕೈಯಲ್ಲಿ ಮರುಹುಟ್ಟು ಪಡೆಯಿತು. ನಡುವೆ ಸ್ಥಿರವಾದ ಬಾಯ್ಲರು, ಸುತ್ತ ಸೂರ್ಯನನ್ನು ಹಿಂಬಾಲಿಸುವ ಚಪ್ಪಟೆ ಕನ್ನಡಿಗಳು ಎಂಬ ಈ ವ್ಯವಸ್ಥೆಗೆ ಇಂದು ಸೌರಗೋಪುರವೆಂದು ಹೆಸರು. ೧೯೬೫ರಲ್ಲಿ ಇಟಲಿಯ ಜಿನೋವಾದ ಬಳಿ ಫ್ರಾಂಚಿಯಾ ಎಂಬ ಪ್ರಾಧ್ಯಾಪಕನು ಇಂಥದನ್ನು ಕಟ್ಟಿದನು. ೧೯೮೨ರಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ೧,೮೧೮ ಕನ್ನಡಿ ಚೌಕಟ್ಟುಗಳ, ಹತ್ತು ಮೆಗಾವಾಟಿನ ಸ್ಥಾವರವು ನಡೆಯತೊಡಗಿತು. ಭಾರತದಲ್ಲಿ ೨೦೧೧ರಲ್ಲಿ ಬಿಕಾನೇರಿನ ಬಳಿ ಎರಡೂವರೆ ಮೆಗಾವಾಟಿನ ಗೋಪುರವೊಂದು ನಿಂತಿತು. ಎರಡೂವರೆ ಎಂಬ ಅಂಕೆ ಕಾಕತಾಳೀಯ; ಕೊಲಾಬಾದಲ್ಲಿ ಅದು ಅಶ್ವಶಕ್ತಿಯಾಗಿದ್ದಿತು. ಈ ಗೋಪುರಗಳಲ್ಲಿ ಕನ್ನಡಿಯನ್ನು ತಿರುಗಿಸುವುದು ಕೂಲಿಯಾಳಲ್ಲ, ಗಣಕಯಂತ್ರ. ಒಲೆಯ ಕಥೆಗೂ ಒಂದು ಉತ್ತರಾರ್ಧವಿದೆ: ೧೯೫೦ರ ದಶಕದಲ್ಲಿ ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ಲೋಹದ ಪ್ರತಿಫಲಕವುಳ್ಳ ಸೌರ ಒಲೆಯನ್ನು ಹೊರತಂದಿತು. ಅದು ಪೇಟೆಯಲ್ಲಿ ನಡೆಯಲಿಲ್ಲ. ಅಡಿಗೆಯವಳನ್ನು ನಡುಹಗಲಿನ ಬಿಸಿಲಿಗೆ ಎಳೆಯುವ, ರಾತ್ರಿಯ ಊಟಕ್ಕೆ ಒದಗದ ಒಲೆಯನ್ನು ಯಾರು ಕೊಂಡಾರು?

ಆದರೆ ಸೂರ್ಯನ ಪೇಟೆಯಲ್ಲಿ ಇಂದು ಮೇಲುಗೈಯಾಗಿರುವುದು ಕನ್ನಡಿಯಲ್ಲ, ಬೆಳಕಿನಿಂದ ನೇರವಾಗಿ ವಿದ್ಯುತ್ತು ಹುಟ್ಟಿಸುವ ಫಲಕ. ಎಂದರೆ ಲಂಡನ್ನಿನ ಆ ಇನ್ನೊಬ್ಬ ಆಡಮ್ಸನು ಸೆಲೆನಿಯಂನಲ್ಲಿ ಕಂಡ ವಿದ್ಯೆ, ಈಗ ಸಿಲಿಕನ್ನಿನಲ್ಲಿ. ತುಮಕೂರು ಜಿಲ್ಲೆಯ ಪಾವಗಡದಲ್ಲಿ, ಮಳೆ ಕಾಣದ ಹೊಲಗಳನ್ನು ರೈತರಿಂದ ಗುತ್ತಿಗೆಗೆ ಪಡೆದು ಹಾಸಿರುವ ಎರಡು ಸಾವಿರ ಮೆಗಾವಾಟಿಗೂ ಮಿಕ್ಕ ಫಲಕಗಳೆಲ್ಲ ಆ ಸಂತತಿಯವೇ. ಆ ಫಲಕಗಳ ಮೇಲೆ ಕೂಡುವ ಧೂಳನ್ನೂ ಕಾಲಕಾಲಕ್ಕೆ ತೊಳೆಯಬೇಕು.